ಮಫಿನ್‌ನ ಗೂಡಿಗೆ ಸೊಳ್ಳೆಪರದೆ

ಮಳೆ ನಿಂತು ಆಸ್ಟ್ರೇಲಿಯಾದ ಮರ್ರಿ ನದಿ ಹಿಂದೆ ಸರಿದಾಗ, ದಂಡೆಯ ಹೊಂಡಗಳಲ್ಲಿ ಸೊಳ್ಳೆಗಳು ಹುಟ್ಟಿದವು. ಅದೇ ವಾರ ಎದುರು ಮನೆಯ ಮೊಲ ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿಕೊಂಡು ಸತ್ತಿತು.

ಅಂದಿನಿಂದ ಡೋರೀನ್ ತನ್ನ ಬೂದು ಮೊಲ ಮಫಿನ್‌ನನ್ನು ಮಡಿಲಿನಿಂದ ಇಳಿಸಿರಲಿಲ್ಲ. ಅವಳ ಗಂಡ ಕ್ಲೆಮ್ ಯೌವನವಿಡೀ ಕಾಡುಮೊಲ ಹಿಡಿದು ಬದುಕಿದವನು. ಈಗ ಮಫಿನ್‌ಗೆ ಸೊಪ್ಪು ಆರಿಸಿ ತರುವವನೂ ಅವನೇ, ಕೇಳಿದರೆ ಒಪ್ಪುವುದಿಲ್ಲ.

"ಯಾಕೆ ಹೆದರ್ತೀಯೇ? ಸೂಜಿ ಹಾಕಿಸಿದೀವಲ್ಲ," ಎಂದ ಕ್ಲೆಮ್.

ಪಕ್ಕದ ಮನೆಯ ರೋಸ್ಲಿನ್, ಪ್ರಾಣಿಗಳ ಆಸ್ಪತ್ರೆಯ ದಾದಿ, ಬೇಲಿಯಾಚೆಯಿಂದ ಇಣುಕಿದಳು. "ಆ ಸೂಜಿ ಕ್ಯಾಲಿಸಿ ಅನ್ನೋ ಇನ್ನೊಂದು ಮೊಲದ ರೋಗಕ್ಕೆ, ಕ್ಲೆಮ್. ಇದು ಮಿಕ್ಸೊ, ಸೊಳ್ಳೆ ಕಚ್ಚಿ ಹರಡೋ ಬೇರೆ ವೈರಸ್ಸು. ಇದಕ್ಕೆ ನಮ್ಮ ದೇಶದಲ್ಲಿ ಲಸಿಕೆ ಸಿಗಲ್ಲ."

"ಮೈಯೇ ಹೋರಾಡುತ್ತೆ ಬಿಡು. ನನ್ನಷ್ಟು ತಿನ್ನುತ್ತೆ ಇದು."

"ನಿನ್ನಷ್ಟು ಗೊಣಗಲ್ಲ," ಎಂದಳು ಡೋರೀನ್.

ರೋಸ್ಲಿನ್ ನಕ್ಕಳು. "ಕ್ಲೆಮ್, ಆಗೆಲ್ಲ ನರಿ ಹೊಡೆಯೋಕೆ ತಗಡಿನ ಸೀಟಿ ಊದ್ತಿದ್ದೆಯಲ್ಲ, ಹೇಗಿರ್ತಿತ್ತು ಸದ್ದು?"

"ಗಾಯವಾದ ಮೊಲ ಕಿರುಚಿದ ಹಾಗೇ. ನರಿ ನಂಬಿ ಓಡಿ ಬರೋದು."

"ಈ ವೈರಸ್ಸೂ ನಿನ್ನಂಥದೇ ಕಳ್ಳ. ಶತ್ರು ಒಳಗೆ ಬಂದ ಅಂತ ಮೊಲದ ಮೈ ಕೂಗು ಹಾಕುತ್ತೆ. ಅದನ್ನ ಕೇಳೋಕೆ ಜೀವಕೋಶಗಳಿಗೆ ಕಿವಿಯಂಥವು ಇರ್ತವೆ. ವೈರಸ್ಸು ಪ್ರೋಟೀನಿನಲ್ಲಿ ಅದೇ ಅಚ್ಚಿನ ನಕಲಿ ಕಿವಿ ಮಾಡಿ ಸುತ್ತ ಚೆಲ್ಲುತ್ತೆ. ಎಷ್ಟೋ ಕೂಗು ಅಲ್ಲೇ ಸಿಕ್ಕಿಕೊಳ್ಳುತ್ತೆ. ನಿಜವಾದ ಕಿವಿಗೆ ಮುಟ್ಟೋದೇ ಇಲ್ಲ. ಮೈಯ ಕಾವಲಿನವರು ಏಳೋದು ಹೇಗೆ?"

ಕ್ಲೆಮ್ ಮಫಿನ್‌ನತ್ತ ಕೈ ಚಾಚಿದ. ಸೀಟಿಯನ್ನು ನಂಬಿ ಹುಲ್ಲಿನಿಂದ ಹೊರಬಂದ ನರಿಗಳ ಮುಖ ಅವನಿಗೆ ನೆನಪಾಯಿತು. ಮಫಿನ್ ಅವನ ಬೆರಳು ಮೂಸಿತು.

"ಹಾಗಾದ್ರೆ ಏನು ಮಾಡೋದು, ರೋಸ್?" ಎಂದು ಕೇಳಿದ.

"ಸೊಳ್ಳೆ, ಚಿಗಟ ಹತ್ತಿರ ಸುಳಿಯಬಾರದು. ಅಷ್ಟೇ ನಮ್ಮ ಕೈಲಿರೋದು."

ಕ್ಲೆಮ್ ಹಳೆಯ ಟೈರುಗಳಲ್ಲಿ ನಿಂತ ನೀರು ಚೆಲ್ಲಿದ. ಗೂಡಿನ ಸುತ್ತ ಸಣ್ಣ ಕಣ್ಣಿನ ಪರದೆ ಬಿಗಿದ. ಅಷ್ಟಾದರೂ ಸಮಾಧಾನವಾಗದೆ, ಹೊತ್ತು ಮುಳುಗುವ ಮೊದಲೇ ಗೂಡನ್ನು ಎತ್ತಿ ಅಡುಗೆಮನೆಗೆ ತಂದ.

"ಮೊಲಕ್ಕೆ ಮನೆಯೊಳಗೆ ಜಾಗ ಇಲ್ಲ ಅಂತಿದ್ದೆ?" ಡೋರೀನ್ ಕೆಣಕಿದಳು.

"ಮೆಲ್ಲಗೆ ಹೇಳೇ," ಎಂದ ಕ್ಲೆಮ್, "ಅದಕ್ಕೆ ಕೇಳಿಸುತ್ತೆ."

ಮೊಲ ಸಾಕಿರುವ ಗೆಳೆಯರೇ, ಒಂದು ರೋಗದ ಲಸಿಕೆ ಇನ್ನೊಂದನ್ನು ತಡೆಯದು. ಇಂದೇ ಗೂಡಿಗೆ ಪರದೆ ಕಟ್ಟಿ, ನಿಂತ ನೀರು ಚೆಲ್ಲಿ, ಚಿಗಟದ ಔಷಧಿಯನ್ನು ವೈದ್ಯರಲ್ಲಿ ಕೇಳಿ. ಕಣ್ಣು ಊದಿದರೆ ತಡಮಾಡದೆ ಅವರಲ್ಲಿಗೆ ಕರೆದೊಯ್ಯಿರಿ. ಆ ಪುಟ್ಟ ಮೈಯ ಕೂಗು ಒಳಗೇ ಅಡಗಿಹೋಗಬಹುದು. ಅದರ ಪರವಾಗಿ ನೀವು ಕಿವಿಗೊಡಿ.