ಎತ್ತಿದ ಕಾಲು

"ಆ ನಡುವಿನ ಮೌನ ಕತ್ತರಿಸಿ ಬಿಸಾಕು. ಇಲ್ಲಾಂದ್ರೆ ಈ ಹಾಡು ಇಲ್ಲಿ ಇನ್ನೊಂದ್ಸಲ ಹಾಕಲ್ಲ," ಎಂದ ಡ್ಯಾನ್ಸ್ ಹಾಲ್‌ನ ಯಜಮಾನ. ಅವನ ಹಿಂದೆ, ಕುಣಿಯುತ್ತಿದ್ದವರೆಲ್ಲ ನೀರಿನ ಬಾಟಲಿ ಹುಡುಕುತ್ತ ಗೋಡೆಗೆ ಸರಿದಿದ್ದರು. ಮೌನ ಮುಗಿದು ತಾಳ ಮತ್ತೆ ಶುರುವಾದಾಗ ನೆಲದ ಮೇಲೆ ಯಾರೂ ಇರಲಿಲ್ಲ.

ಅವಳು ಲ್ಯಾಪ್‌ಟಾಪ್ ಮುಚ್ಚಲಿಲ್ಲ. "ಮುಂದಿನ ಭಾನುವಾರ ಒಂದೇ ಒಂದ್ಸಲ."

"ನಿಮ್ಮಣ್ಣನ ಬ್ಯಾಂಡ್ ಕೇಳಿದ್ರೆ ನಂಗೆ ಫ್ರಿಜ್ ಕೆಟ್ಟಿದೆಯೇನೋ ಅನ್ಸುತ್ತೆ ತಾಯಿ. ನಿನ್ನ ರೀಮಿಕ್ಸು ಅದಕ್ಕೆ ಕೈಕಾಲು ಕೊಟ್ಟಿದೆ, ಒಪ್ತೀನಿ. ಆದ್ರೆ ಜನ ಸುಮ್ನೆ ನಿಂತ್ಕೊಳೋಕೆ ಇಲ್ಲಿಗ್ಯಾಕೆ ಬರ್ತಾರೆ?"

"ಒಂದೇ ಸಲ," ಎಂದಳು ಮತ್ತೆ.

ಮನೆಯಲ್ಲಿ ಅಣ್ಣ ಅಡುಗೆಮನೆಯ ಮೇಜಿನ ಮೇಲೆ ತನ್ನ ಸದ್ದಿನ ಪೆಟ್ಟಿಗೆಯೊಂದನ್ನು ಬಿಚ್ಚಿಟ್ಟುಕೊಂಡು ತಂತಿ ಬೆಸೆಯುತ್ತಿದ್ದ. ಬ್ಯಾಂಡಿನ ಉಳಿದಿಬ್ಬರು ಅವನ ಜೊತೆ ಮಾತು ಬಿಟ್ಟು ಬಹಳ ಕಾಲವಾಗಿತ್ತು.

"ಕತ್ತರಿಸು ಅಂದ್ನಾ?"

"ಹೂಂ."

"ನಿನ್ನಿಷ್ಟ. ಆದ್ರೆ ಆಮೇಲೆ ಅದಕ್ಕೆ ನಮ್ಮ ಹೆಸರು ಹಾಕ್ಬೇಡ." ಅವನು ತಲೆಯೆತ್ತಲಿಲ್ಲ. "ನಾವು ಮೂರೂ ಜನ ಸೇರಿ ಮಾಡಿದ್ದು ಆ ಮೌನ ಒಂದೇ ಕಣೆ. ಮಿಕ್ಕಿದ್ದೆಲ್ಲ ಜಗಳ."

ಅವಳು ರೀಮಿಕ್ಸನ್ನು ಮತ್ತೆ ಮತ್ತೆ ಕೇಳಿದಳು. ಮೌನಕ್ಕೆ ಮುಂಚೆ ತಾಳವನ್ನು ಮೆಲ್ಲಗೆ ತಗ್ಗಿಸಿದ್ದಳು, ನೆಂಟರನ್ನು ಬಾಗಿಲವರೆಗೆ ಕಳಿಸಿಕೊಡುವ ಹಾಗೆ. ಅದು ಮರ್ಯಾದೆ ಎಂದುಕೊಂಡಿದ್ದಳು. ಎಲ್ಲಿ ತಪ್ಪಿದೆಯೆಂದು ತಿಳಿಯಲಿಲ್ಲ.

ಸಂಜೆ ಕಸ ಹಾಕಲು ಇಳಿಯುವಾಗ ಮೆಟ್ಟಿಲ ದೀಪ ಎಂದಿನಂತೆ ತಾನಾಗಿ ಆರಿತು. ಅವಳ ಒಂದು ಕಾಲು ಗಾಳಿಯಲ್ಲಿತ್ತು. ಅದು ಕೆಳಗಿನ ಮೆಟ್ಟಿಲನ್ನು ಹುಡುಕಿಕೊಂಡಿತು. ಆಮೇಲೆ ಇನ್ನೊಂದು ಕಾಲು. ಕೊನೆಯವರೆಗೂ ಅವಳು ಗೋಡೆ ಹಿಡಿಯಲಿಲ್ಲ. ಕಸದ ಚೀಲ ಕೈಯಲ್ಲೇ ಇತ್ತು. ಮತ್ತೆ ಹತ್ತಿ, ದೀಪ ಹಾಕಿ, ಅದು ಆರುವ ಹೊತ್ತಿಗೆ ಸರಿಯಾಗಿ ಮತ್ತೊಮ್ಮೆ ಇಳಿದಳು.

ಮೇಲೆ ಬಂದವಳೇ ತಗ್ಗಿಸಿದ್ದನ್ನೆಲ್ಲ ತೆಗೆದುಹಾಕಿದಳು. ತಾಳ ಕೊನೆಯವರೆಗೆ ಗಟ್ಟಿಯಾಗಿ ಬರಬೇಕು. ಕಾಲು ಮೇಲಿರುವಾಗ ನಿಲ್ಲಬೇಕು. ಕೋಣೆಯಲ್ಲಿ ತಾನೇ ಕುಣಿದು, ನಿಲ್ಲುವ ಜಾಗವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಳು. ಕೆಳಗಿನ ಮನೆಯವರು ತಮ್ಮ ಚಾವಣಿಗೆ ಕೋಲಿನಿಂದ ಕುಟ್ಟಿದರು. ಅದೂ ತಾಳದಲ್ಲೇ ಇತ್ತು.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಅಣ್ಣ ಬಂದು ಬಾಗಿಲ ಬಳಿ ಕೈಕಟ್ಟಿ ನಿಂತ. ತನ್ನ ಹಾಡಿಗೇ ಆಗಲಿ, ಯಾರ ಹಾಡಿಗೇ ಆಗಲಿ, ಅವನು ಬೆರಳು ಸಹ ಆಡಿಸಿದ್ದನ್ನು ಅವಳು ಕಂಡಿರಲಿಲ್ಲ.

ತಾಳ ಏರಿ, ತಟ್ಟನೆ ನಿಂತಿತು. ಯಜಮಾನನ ಕೈ ಹಾಡು ಬದಲಿಸುವ ಸ್ವಿಚ್ಚಿನ ಕಡೆ ಹೋಗಿ, ಅಲ್ಲೇ ಉಳಿಯಿತು. ಸ್ಪೀಕರುಗಳು ಸುಮ್ಮನಿದ್ದವು. ಮರದ ನೆಲದ ಮೇಲೆ ಅಷ್ಟೂ ಜನರ ಕಾಲುಗಳು ಒಟ್ಟಿಗೆ ಇಳಿದವು, ಎದ್ದವು, ಮತ್ತೆ ಇಳಿದವು. ಯಾರೂ ನೀರಿಗೆ ಹೋಗಲಿಲ್ಲ.

ಅವಳು ಬಾಗಿಲ ಕಡೆ ನೋಡಿದಳು. ಅಣ್ಣ ಕಣ್ಣು ಮುಚ್ಚಿದ್ದ. ಅವನ ಬಲಗಾಲಿನ ಹಿಮ್ಮಡಿ ಚಪ್ಪಲಿಯಿಂದ ಮೇಲೆದ್ದಿತ್ತು.