ಬಿಚ್ಚಬಾರದ ರುಮಾಲು

ಶಿಕಾರಿಪುರದ ಕುರಿ ಚೌಡಪ್ಪನಿಗೆ ಅಳಿಯ ಸಿಕ್ಕಿದ್ದಕ್ಕಿಂತ ಅಳಿಯನ ಮೋಟರ್ ಸೈಕಲ್ಲಿನದೇ ಹೆಚ್ಚಿನ ಹೆಮ್ಮೆ. ಅಳಿಯನೆಂದರೆ ಹೊರಗಿನವನಲ್ಲ, ಸೊರಬದ ಕಡೆ ಹೊಸಬಾಳೆಗೆ ಕೊಟ್ಟಿದ್ದ ಅಕ್ಕ ಬಂಗಾರಮ್ಮನ ಮಗ ಆನಂದಪ್ಪ. ಮಿಲಿಟರಿಯಲ್ಲಿ ಮೋಟರ್ ಸೈಕಲ್ ಮೇಲೆ ಟಪಾಲು ಹೊತ್ತು ತಿರುಗಿದವನು. ಕೆಲಸ ಬಿಟ್ಟು ಬರುವಾಗ ಹರಾಜಿನಲ್ಲಿ ಒಂದು ಹಳೇ ಗಾಡಿಯನ್ನೂ ತಲೆಗೆ ಹಾಕುವ ಗಟ್ಟಿ ಹೆಲ್ಮೆಟ್ಟನ್ನೂ ತಂದಿದ್ದ. ಆ ಗಾಡಿ ಪೇಟೆಯಲ್ಲಿ ಗುಡುಗುಡು ಎಂದರೆ ಸಾಕು, ಚೌಡಪ್ಪ ಕುರಿ ವ್ಯಾಪಾರ ಅರ್ಧಕ್ಕೇ ಬಿಟ್ಟು, "ನಮ್ಮ ಹುಡುಗ" ಎಂದು ಕೇಳದವರಿಗೂ ಹೇಳುತ್ತಿದ್ದ. ಹೆಲ್ಮೆಟ್ ಮಾತ್ರ ಅವನ ಕಣ್ಣಿಗೆ ಹಿಡಿಸಲಿಲ್ಲ. ತಲೆ ಮೇಲೆ ಪಾತ್ರೆ ಬೋರಲು ಹಾಕಿಕೊಂಡು ಹೋದರೆ ಅವನು ಯಾರ ಅಳಿಯನೆಂದು ಜನಕ್ಕೆ ಗೊತ್ತಾಗುವುದು ಹೇಗೆ?

ಮಗಳು ಹೂವಮ್ಮನ ನಿಶ್ಚಯದ ದಿನ ಚೌಡಪ್ಪ ಅಳಿಯನಿಗೆ ಜರಿಯಂಚಿನ ರುಮಾಲು ಸುತ್ತಿದ. ಹೆಣ್ಣಿನ ಮನೆಯಲ್ಲಿ ಸುತ್ತಿದ ರುಮಾಲನ್ನು ಗಂಡಿನ ತಾಯಿ ತನ್ನ ಮನೆಯ ಹೊಸಿಲಲ್ಲಿ ನಿಂತು ಬಿಚ್ಚಬೇಕು, ದಾರಿಯಲ್ಲಿ ಬಿಚ್ಚಕೂಡದು. ಅವರ ಮನೆತನದಲ್ಲಿ ಹಾಗೆ ನಡೆದು ಬಂದಿತ್ತು. ಎತ್ತಿನ ಗಾಡಿಯಲ್ಲಿ ಆಕಳಿಸುತ್ತ ಊರು ಸೇರುತ್ತಿದ್ದವರು ಮಾಡಿದ ಪದ್ಧತಿ ಅದು. ಬಂಗಾರಮ್ಮ ಅದಕ್ಕೆಂದೇ ಹೆಂಗಸರ ಜೊತೆ ಮುಂಚಿನ ಬಸ್ಸು ಹತ್ತಿದ್ದಳು.

ಊಟ ಮುಗಿದು ಬಂದವರೆಲ್ಲ ಹೋದ ಮೇಲೆ ಆನಂದಪ್ಪ ಹೊರಟು ನಿಂತ.

"ಮಾವ, ರುಮಾಲು ಬಿಚ್ಚಿ ಚೀಲದಾಗೆ ಇಟ್ಕೊಂತೀನ್ರಿ. ಇದರ ಮ್ಯಾಲೆ ಹೆಲ್ಮೆಟ್ ಕೂರಲ್ಲ. ಊರ ಹತ್ರ ಹೋಗಿ ಮತ್ತೆ ಸುತ್ಕೊಂಡ್ರಾತು."

"ಶುಭದ ರುಮಾಲು ಕಣೋ ಅದು! ಪೇಟೇಲಿ ನಾಕು ಜನ ನೋಡ್ಲಿ. ಆ ಬೋಗುಣಿ ಇಲ್ಲೇ ಬಿದ್ದಿರ್ಲಿ."

"ಅದಿಲ್ದೆ ನಾನು ಗಾಡಿ ಹತ್ತಿದೋನೇ ಅಲ್ರಿ."

ಚೌಡಪ್ಪ ನಗುತ್ತಲೇ ಹೆಲ್ಮೆಟ್ ಕಸಿದುಕೊಂಡು ಕುರಿ ಹಟ್ಟಿಯ ಅಟ್ಟಕ್ಕೆ ಎಸೆದ. ಬಾಗಿಲ ಮರೆಯಲ್ಲಿದ್ದ ಹೂವಮ್ಮ ತಡೆಯಲಾರದೆ, "ಅಪ್ಪಾ, ಕೊಡು ಅದನ್ನ" ಎಂದಳು. "ನೀ ಒಳಗೋಗು" ಎಂದು ಗದರಿದ. ಮಾವನ ಮಾತು ಮೀರಲಾರದೆ ಆನಂದಪ್ಪ ರುಮಾಲಿನಲ್ಲೇ ಹೊರಟ.

ಶಿರಾಳಕೊಪ್ಪ ದಾಟಿದ ಮೇಲೆ, ರಸ್ತೆ ರಿಪೇರಿಗೆ ಸುರಿದಿದ್ದ ಜಲ್ಲಿಯಲ್ಲಿ ಗಾಡಿ ಜಾರಿತು. ಬಂಗಾರಮ್ಮ ಮಗನ ರುಮಾಲು ಬಿಚ್ಚಿದ್ದು ಆಸ್ಪತ್ರೆಯ ಜಗುಲಿಯಲ್ಲಿ. ರಕ್ತಕ್ಕೆ ಅಂಟಿಕೊಂಡಿದ್ದ ಬಟ್ಟೆಯನ್ನು ನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು.

ಹುಡುಗ ಬದುಕಿದ. ಬಲಗಿವಿ ಹೋಯಿತು, ನಿಶ್ಚಯದ ದಿನದ ನೆನಪೂ ಹೋಯಿತು. ನೋಡಲು ಬಂದವರಿಗೆಲ್ಲ ಅವನದು ಒಂದೇ ಪ್ರಶ್ನೆ: "ನಾನ್ಯಾಕೆ ಹೆಲ್ಮೆಟ್ ಹಾಕ್ಕಂಡಿರ್ಲಿಲ್ಲ?" ಚೌಡಪ್ಪನನ್ನೂ ಕೇಳಿದ. ಕಿತ್ತಳೆ ಸುಲಿಯುತ್ತಿದ್ದ ಚೌಡಪ್ಪ ತಲೆ ಎತ್ತದೆ, "ಮರೆತಿದ್ಯೇನೋ ಕಣಪ್ಪ" ಎಂದುಬಿಟ್ಟ. ಆಮೇಲೆ ಎಷ್ಟೋ ಸಲ ಹೇಳಿಬಿಡಬೇಕೆಂದು ಹೊಸಬಾಳೆಗೆ ಹೋಗುವನು, ಮಳೆ, ಬೆಳೆ, ಕುರಿ ಎಂದು ಮಾತಾಡಿ ವಾಪಸು ಬರುವನು. ಥೂ, ಇದೂ ಒಂದು ಬಾಳೇ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಳ್ಳುವನು.

ಅಷ್ಟರಲ್ಲಿ ಜನ ಬೇರೆಯೇ ಕಾರಣ ಹುಡುಕಿದ್ದರು. ನಿಶ್ಚಯದ ದಿನವೇ ಹೀಗಾಗಬೇಕಾದರೆ ಅದು ಹುಡುಗಿಯ ಕಾಲ್ಗುಣವೇ ಸೈ. ನೀರು ತರಲು ಹೋದ ಹೂವಮ್ಮನ ಬೆನ್ನ ಹಿಂದೆಯೇ ಆಡಿಕೊಂಡರು. ಅವಳು ಕೊಡ ಹೊತ್ತು ಸುಮ್ಮನೆ ಬರುತ್ತಿದ್ದಳು. ಚೌಡಪ್ಪ ಮಗಳ ಮುಖ ನೋಡುವುದನ್ನೇ ಬಿಟ್ಟ.

ಕೊನೆಗೆ ಬಂಗಾರಮ್ಮ ಮಗನನ್ನು ಕರೆದುಕೊಂಡು ಬಂದಳು. ನಿಶ್ಚಯದಲ್ಲಿ ತಮ್ಮ ಕೊಟ್ಟಿದ್ದ ಸೀರೆಯನ್ನು ಜಗುಲಿ ಮೇಲೆ ಇಳಿಸಿದಳು.

"ಬೇಜಾರ್ ಮಾಡ್ಕಬೇಡ ಮಾರಾಯ. ಎಂದೂ ಹೆಲ್ಮೆಟ್ ಮರೀದ ಹುಡುಗ, ರುಮಾಲು ಬಿಚ್ಚಿಟ್ಟಾದ್ರೂ ಹಾಕ್ಕಳೋನು, ಅವತ್ತು ಮರೆತ ಅಂದ್ರೆ, ನಿನ್ನ ಮಗಳ ಕಾಲ್ಗುಣ ಅಲ್ದೆ ಇನ್ನೇನು? ಈ ಸಂಬಂಧ ಬ್ಯಾಡ."

ಹೂವಮ್ಮ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಚೌಡಪ್ಪ ಎಷ್ಟೋ ದಿನಗಳ ಮೇಲೆ ಮೊದಲ ಬಾರಿಗೆ ಅವಳ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

"ಅವನು ಮರೀಲಿಲ್ಲ. ನಾನೇ ಕಿತ್ಕೊಂಡೆ" ಎಂದ. ದನಿ ಅವನಿಗೇ ಕೇಳಿಸುವಂತಿರಲಿಲ್ಲ.

ಆನಂದಪ್ಪ ಎಡಗಿವಿ ತಿರುಗಿಸಿ, "ಏನಂದ್ರಿ ಮಾವ? ಜೋರಾಗಿ ಹೇಳ್ರಿ" ಎಂದ.

ಚೌಡಪ್ಪ ಎದ್ದು ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. "ನಾನೇ ಕಿತ್ಕೊಂಡೆ ಕಣೋ! ನಾಕು ಜನ ರುಮಾಲು ನೋಡ್ಲಿ ಅಂತ! ನೀ ಕೇಳ್ದೆ, ನಾ ಕೊಡ್ಲಿಲ್ಲ!"

ಎದುರುಮನೆಯ ಯಮುನಮ್ಮ ಮೊರ ಹಿಡಿದು ಹೊರಗೆ ಬಂದಳು. ಆನಂದಪ್ಪ ಬಲಗಿವಿಯನ್ನು ಸವರಿಕೊಂಡ. ಆಮೇಲೆ, "ಮರೆತೆ ಅಂತ ನನ್ನನ್ನೇ ಬೈಕೊಂತಿದ್ದೆ ಮಾವ" ಎಂದ.

ಬಂಗಾರಮ್ಮ ಸೀರೆಯನ್ನು ಮತ್ತೆ ಮಡಿಲಿಗೆ ತೆಗೆದುಕೊಂಡು ಅತ್ತಳು. ಚೌಡಪ್ಪ ಮಗಳ ಹತ್ತಿರ ಹೋದ.

"ನಿಂಗೆ ಗೊತ್ತಿತ್ತಲ್ಲೇ ತಾಯಿ. ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ನೀ ಹೇಳ್ತೀಯ ಅಂತ ಕಾಯ್ತಿದ್ದೆ ಅಪ್ಪ," ಎಂದಳು ಹೂವಮ್ಮ. "ಅತ್ತೆ ಸೀರೆ ಇಳಿಸಿದಾಗ, ಇನ್ನು ನೀ ಹೇಳಲ್ಲ ಅಂದ್ಕೊಂಡೆ."