ಐದನೇ ನಿಂಬೆಹಣ್ಣು

ಕಸ್ತೂರಿ ರೊಟ್ಟಿ ಮಗುಚಿ ಹಾಕುತ್ತಿದ್ದಾಳೆ. ಬೆಳಿಗ್ಗೆ ಬಡಿದು ಸುಟ್ಟ ಜೋಳದ ರೊಟ್ಟಿಗಳು ಅಗಲವಾದ ಬುಟ್ಟಿಯಲ್ಲಿ ಬಿಸಿಲು ಕಾಯುತ್ತಿವೆ. ಬುಟ್ಟಿ ನನ್ನ ಮೇಲಿದೆ. ಅರ್ಧದಷ್ಟನ್ನು ತಿರುವಿದ್ದಾಳೆ, ಇನ್ನರ್ಧ ಬಾಕಿ. ಕೈ ರೊಟ್ಟಿಯ ಮೇಲಿದ್ದರೂ ಕಣ್ಣು ಮಾತ್ರ ಅಂಗಳದಲ್ಲಿ ನಿಂತ ಬಿಳಿ ವ್ಯಾನಿನ ಕಡೆಗೇ ಹೋಗುತ್ತಿದೆ. ನಾಳೆ ನಸುಕಿಗೆ ಆ ವ್ಯಾನು ಮರುಭೂಮಿಯ ಕಡೆ ಹೊರಡುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ನೀರಿನ ಕ್ಯಾನುಗಳು, ಮೂವರು ಮನುಷ್ಯರು, ಎಲ್ಲವೂ ಹೋಗುತ್ತವೆ. ನಾನು ಮಾತ್ರ ಇಲ್ಲೇ ಇರುತ್ತೇನೆ.

ಹಾಗೆಂದು ನನಗೆ ದುಃಖವೇನಿಲ್ಲ. ನನ್ನ ಪಾಲಿನ ಓಟವನ್ನು ನಾನು ಮೊನ್ನೆಯೇ ಓಡಿ ಮುಗಿಸಿದ್ದೇನೆ. ಅದನ್ನು ಹೇಳಬೇಕಾದರೆ ಮೊದಲಿನಿಂದಲೇ ಹೇಳಬೇಕು.

ನಾನು ಒಂದು ಸ್ಟೆಪ್ನಿ. ಗಾಡಿಯ ನಾಲ್ಕು ಗಾಲಿಗಳಲ್ಲಿ ಯಾವುದಾದರೂ ಕೈಕೊಟ್ಟರೆ ಇರಲಿ ಎಂದು ಜೊತೆಗೆ ಕೊಟ್ಟು ಕಳಿಸುವ ಗಾಲಿ. ಹುಟ್ಟಿದ್ದು ಮೆಕ್ಸಿಕೊ ದೇಶದ ಒಂದು ಕಾರ್ಖಾನೆಯಲ್ಲಿ. ಕುದಿಯುವ ಅಚ್ಚಿನಿಂದ ಹೊರಬಿದ್ದಾಗ ನನ್ನ ಮೈ ಹೊಳೆಯುತ್ತಿತ್ತು, ಹೊಸ ರಬ್ಬರಿನ ವಾಸನೆ ಗಮ್ಮೆನ್ನುತ್ತಿತ್ತು. ನಾವು ಐವರು ಒಂದೇ ದಿನ ಒಂದೇ ವ್ಯಾನಿನ ಪಾಲಿಗೆ ಬಂದೆವು. ನಾಲ್ವರನ್ನು ಕೆಲಸಗಾರರು ನಾಲ್ಕು ಮೂಲೆಗೆ ಜೋಡಿಸಿದರು. ನಾನು ಯಾವ ಮೂಲೆ ಎಂದು ಕಾಯುತ್ತ ನಿಂತಿದ್ದೆ. ಐದನೇ ಮೂಲೆ ಇರಲಿಲ್ಲ. ಒಂದು ಸರಪಳಿ ಬಂತು, ನನ್ನ ನಡುವಿಗೆ ಕೊಕ್ಕೆ ಹಾಕಿತು, ಎತ್ತಿ ಗಾಡಿಯ ಹೊಟ್ಟೆಯ ಕೆಳಗೆ ನೇತುಹಾಕಿತು.

ಅಂದಿನಿಂದ ನನ್ನ ಲೋಕವೆಂದರೆ ಕಾಲುಗಳು. ಯಜಮಾನರ ಮುಖವನ್ನು ನಾನು ಕಂಡವನಲ್ಲ. ಮೆಟ್ಟು, ಹಿಮ್ಮಡಿ, ನಡಿಗೆ, ಇಷ್ಟರಿಂದಲೇ ಅವರನ್ನು ಅರಿತೆ. ಇನ್ನೊಂದು ಗುರುತೆಂದರೆ ಡ್ರೈವರ್ ಸೀಟಿನ ಸದ್ದು. ಆ ಸೀಟು ಹಿಂದೆ ಮುಂದೆ ಸರಿಯುವಾಗ ಅದರ ಕಂಬಿಗಳು ಕರಕರ ಎನ್ನುತ್ತವೆ, ಆ ಸದ್ದು ಗಾಡಿಯ ಎಲುಬುಗಳಲ್ಲಿ ಹಾದು ನನ್ನವರೆಗೂ ಬರುತ್ತದೆ. ಸೀಟು ಎಲ್ಲಿಗೆ ಹೋಗಿ ನಿಂತಿತು ಎನ್ನುವುದರ ಮೇಲೆ, ಕೂತವರ ಕಾಲು ಎಷ್ಟುದ್ದ ಎಂದು ನಾನು ಹೇಳಬಲ್ಲೆ.

ಮೊದಲ ಯಜಮಾನ ದೋನ್ ಚಾವಾ, ಮದುವೆಗಳಲ್ಲಿ ವಾದ್ಯ ಬಾರಿಸುವ ತಂಡದವನು. ಚೂಪು ಮೂತಿಯ ಬೂಟುಗಳು. ದೊಡ್ಡ ಹಿತ್ತಾಳೆ ಕಹಳೆಯೊಂದನ್ನು ಸರಿಯಾಗಿ ನನ್ನ ನೆತ್ತಿಯ ಮೇಲಿನ ಜಾಗದಲ್ಲೇ ಇಡುತ್ತಿದ್ದರು. ಒಮ್ಮೆ ಮದುವೆಯ ಮನೆಯೆದುರೇ ಮುಂದಿನ ಅಣ್ಣನೊಬ್ಬ ಪಂಕ್ಚರಾದ. ಬಂತು ನನ್ನ ಕಾಲ ಎಂದು ಮೈಯೆಲ್ಲ ಬಿಗಿಹಿಡಿದೆ. ಆದರೆ ಮದುಮಗನ ಮಾವ ತನ್ನ ಗಾಡಿಯ ಗಾಲಿಯನ್ನೇ ಬಿಚ್ಚಿ ತಂದುಬಿಟ್ಟ, ಹತ್ತು ಜನ ಸೇರಿ ವ್ಯಾನನ್ನು ಕೈಯಲ್ಲೇ ಎತ್ತಿ ಹಿಡಿದರು, ಕೆಲಸ ಮುಗಿದ ಮೇಲೆ ಎಲ್ಲರೂ ಕುಣಿದರು. ನಾನು ಕೆಳಗೆ ನೇತಾಡುತ್ತ ಬೂಟುಗಳ ಕುಣಿತ ನೋಡಿದೆ. ಬೇಸರವಾಯಿತು, ಆದರೆ ಕುಣಿತ ಚೆನ್ನಾಗಿತ್ತು.

ಆಮೇಲೆ ಬಂದವರು ಮೀನಿನ ತಿಂಡಿ ಮಾರುವ ಇಬ್ಬರು ಅಕ್ಕತಂಗಿಯರು, ಒಬ್ಬಳದು ಕೆಂಪು ಚಪ್ಪಲಿ, ಇನ್ನೊಬ್ಬಳದು ಬಿಳಿ ಬಟ್ಟೆಯ ಬೂಟು. ಗೋವಿನಜೋಳದ ರೊಟ್ಟಿಯಲ್ಲಿ ಕರಿದ ಮೀನು ಸುತ್ತಿ ಕೊಡುತ್ತ ಇಡೀ ದಿನ ಜಗಳವಾಡುತ್ತಿದ್ದರು. ಜಗಳದ ಎಣ್ಣೆಯೂ ಮೀನಿನ ಎಣ್ಣೆಯೂ ನನ್ನ ಮೇಲೆ ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ನನ್ನ ನಾಲ್ವರು ಅಣ್ಣಂದಿರೂ ಸವೆದು ಹೋಗಿ ಬೇರೆಯವರು ಬಂದಿದ್ದರು. ಅವರೂ ಸವೆದರು. ನೆಲ ಕಚ್ಚಬೇಕಾದ ನನ್ನ ರಬ್ಬರಿನ ಹಲ್ಲುಗಳು ಮಾತ್ರ ಹುಟ್ಟಿದ ದಿನದಂತೆಯೇ ಇದ್ದವು. ಯಾರೂ ನನ್ನನ್ನು ಇಳಿಸಿರಲಿಲ್ಲ. ಸರಪಳಿಗೆ ತುಕ್ಕು ಹಿಡಿದಿತ್ತು.

ಹೀಗಿರುವಾಗ ವ್ಯಾನು ಅಮೆರಿಕದ ಗಡಿಗೆ ಅಂಟಿಕೊಂಡ ತಿಹುವಾನಾ ಊರಿನ ಗುಡ್ಡದ ಓಣಿಯೊಂದಕ್ಕೆ, ಈ ಮನೆಗೆ ಬಂತು. ಇಳಿದ ಕಾಲುಗಳನ್ನು ನೋಡಿ ಬೆರಗಾದೆ. ಒಂದು ಜೊತೆ ಕಾಲಿನ ಎರಡನೇ ಬೆರಳುಗಳಲ್ಲಿ ಬೆಳ್ಳಿಯ ಉಂಗುರಗಳಿದ್ದವು! ಕೈಗೆ ಹಾಕುವ ಉಂಗುರವನ್ನು ಕಾಲಿಗೆ ಹಾಕುವವರು ಯಾವ ದೇಶದವರು?

ವಿಜಾಪುರದ ಕಡೆಯವರು ಎಂದು ಅವರ ಮಾತಿನಿಂದಲೇ ತಿಳಿಯಿತು. ಕಾಲುಂಗುರದವಳು ಕಸ್ತೂರಿ. ಹಿಮ್ಮಡಿ ಹೊರಗಡೆಗೆ ಸವೆದ ಕರಿ ಬೂಟು ಅವಳ ಗಂಡ ಮಹಾಂತೇಶನದು, ಅವನು ಇಲ್ಲಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ಪರೀಕ್ಷಿಸುವ ಎಂಜಿನಿಯರ್. ಬಿರುಕುಬಿಟ್ಟ ಹಿಮ್ಮಡಿ, ಜೊತೆಗೊಂದು ಊರುಗೋಲು, ಅದು ಅವನ ತಾಯಿ ನೀಲವ್ವನದು.

ಮಹಾಂತೇಶ ಹೆಂಡತಿಗೆ ಗಾಡಿ ಕಲಿಸಿದ, ಲೈಸೆನ್ಸ್ ಕೂಡ ಕೊಡಿಸಿದ. ಆದರೆ ಅವಳು ಓಡಿಸುವಾಗ ಪಕ್ಕದಲ್ಲಿ ಕೂತು, ತನ್ನ ಕಾಲ ಬಳಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. ತಿರುವು ಬಂದರೆ ಧಡ್, ನಾಯಿ ಬಂದರೆ ಧಡ್, ಏನೂ ಬರದಿದ್ದರೂ ಧಡ್. ನನ್ನ ತಲೆಯ ಮೇಲಿನ ತಗಡು ನಡುಗುತ್ತಿತ್ತು. ಕೆಲವು ವಾರಗಳಲ್ಲಿ ಕಸ್ತೂರಿ "ನೀವs ಹೊಡೀರಿ" ಎಂದು ಕೀಲಿ ಕೊಟ್ಟುಬಿಟ್ಟಳು.

ಕೀಲಿ ಕೊಟ್ಟಳು, ಆಸೆ ಕೊಡಲಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ಮಹಾಂತೇಶ ಕಾರ್ಖಾನೆಯ ಬಸ್ಸಿನಲ್ಲಿ ಹೋದ ಮೇಲೆ, ಅತ್ತೆ ಮಧ್ಯಾಹ್ನ ಮಲಗಿದ ಮೇಲೆ, ಕಸ್ತೂರಿ ಬಂದು ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದಳು. ಗಂಡನ ಕಾಲು ಉದ್ದ, ಅವಳದು ಗಿಡ್ಡ. ಕರಕರ, ಸೀಟು ಮುಂದಕ್ಕೆ. ಗಾಡಿ ಚಾಲೂ ಮಾಡುತ್ತಿರಲಿಲ್ಲ. ಸುಮ್ಮನೆ ಕ್ಲಚ್ಚು ಒತ್ತಿ, ಗೇರು ಬದಲಿಸಿ, ಪಿಸುಗುಡುತ್ತಿದ್ದಳು, "ಅಪ್ಪಾ, ಇನ್ನೊಂದು ಸಾಲು ಹೊಡೀತೀನಿ." ಹುಡುಗಿಯಾಗಿದ್ದಾಗ ತಂದೆಯ ಟ್ರ್ಯಾಕ್ಟರನ್ನು ಎರೆಹೊಲದ ತುದಿಯಿಂದ ತುದಿಗೆ ಓಡಿಸುತ್ತಿದ್ದವಳು ಅವಳು. ಗಂಡು ನೋಡಲು ಶುರುಮಾಡಿದ ದಿನ ತಂದೆ ಸಾಕು ಎಂದರಂತೆ. ಅರ್ಧ ಬಿಟ್ಟ ಆ ಸಾಲನ್ನು ಅವಳು ಇಲ್ಲಿ, ನಿಂತ ವ್ಯಾನಿನಲ್ಲಿ ಮುಗಿಸುತ್ತಿದ್ದಳು. ಆಮೇಲೆ ಕರಕರ, ಸೀಟು ಹಿಂದಕ್ಕೆ, ಗಂಡ ಬಿಟ್ಟಿದ್ದ ಜಾಗಕ್ಕೇ. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈ ಚಳಿಗಾಲ ಮಹಾಂತೇಶನಿಗೆ ರಜೆ ಸಿಕ್ಕಿತು. ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ಸಂತೆ ಮತ್ತು ಗಡಿಯಾಚೆಯ ಜೋಳದ ಹಿಟ್ಟಿನ ಅಂಗಡಿ ಬಿಟ್ಟು ಅವರು ಎಲ್ಲಿಗೂ ಹೋಗಿರಲಿಲ್ಲ. ಒಂದು ಭಾನುವಾರ ಅವನು ವ್ಯಾನಿನ ಮೂತಿಯ ಮೇಲೆ ನಕ್ಷೆ ಹರಡಿದ.

"ನೋಡು ಯವ್ವಾ, ನಾವು ಹೋಗೂ ಬಾಹಾ ಸೀಮಿ ಅಂದ್ರ ಇದs. ಕೈಬೆರಳಿನಂಗ ಐತಿ. ಈ ಕಡೆ ಸಮುದ್ರ, ಆ ಕಡೆ ಸಮುದ್ರ, ನಡುವ ಬರೇ ಮರಳುಗಾಡು. ಪುಣೆದಿಂದ ಕನ್ಯಾಕುಮಾರಿ ಮಟ ಹೋದಂಗ."

"ಎರಡೂ ಬದಿ ನೀರು, ನಡುವ ಬರಗಾಲ!" ನೀಲವ್ವನ ಊರುಗೋಲು ನೆಲ ಕುಟ್ಟಿತು. "ಯಾವ ಅವಸರದಾಗ ಮಾಡ್ಯಾನೋ ದೇವರು ಇದನ್ನ. ಏನ್ ಸಿಗತೈತಿ ಅಲ್ಲಿ?"

"ಕಳ್ಳಿ."

"ಕಳ್ಳಿ ನೋಡಾಕ ಅಷ್ಟು ದೂರ ಯಾಕಪಾ? ನಮ್ಮ ಹೊಲದ ಬದುವಿನ ಮ್ಯಾಲೆ ಇರಲಿಲ್ಲೇನು?"

"ಇವು ತೆಂಗಿನಮರದಷ್ಟು ಎತ್ತರ ಇರತಾವ. ಮತ್ತ ಮುಂದ ಹೋದ್ರ ತಿಮಿಂಗಿಲ. ದೋಣಿ ಹತ್ರ ಬಂದು ಮಾರಿ ತೋರಸ್ತಾವಂತ."

"ಆನಿಗಿಂತ ದೊಡ್ಡ ಮೀನು?"

"ಹತ್ತು ಆನಿ ಸೇರಿಸಿದಷ್ಟು."

"ಹಂಗಾರ ನಡಿ. ಮೊದಲs ಇದನ್ನ ಹೇಳೂದು ಬಿಟ್ಟು ಕಳ್ಳಿ ಪುರಾಣ ಹಚ್ಚಿದ್ದಿ."

ದಿನಕ್ಕೊಂದು ಮಾತು ಕೂಡುತ್ತ ಹೋಯಿತು. ಎಲ್ ರೊಸಾರಿಯೊ ಊರು ದಾಟಿದರೆ ಬಹಳ ದೂರದವರೆಗೆ ಪೆಟ್ರೋಲ್ ಸಿಗುವುದಿಲ್ಲ. ಕತ್ತಲಾದ ಮೇಲೆ ಗಾಡಿ ಓಡಿಸಬಾರದು, ಬಿಸಿಲು ಕುಡಿದ ಡಾಂಬರು ಬೆಚ್ಚಗಿರುತ್ತದೆಂದು ದನಗಳು ರಸ್ತೆಯ ಮೇಲೆಯೇ ಮಲಗುತ್ತವೆ. "ದನಕ್ಕ ಎಲ್ಲಾ ದೇಶದಾಗೂ ಒಂದs ಬುದ್ಧಿ," ಎಂದಳು ನೀಲವ್ವ. ಕಸ್ತೂರಿ ನಗುತ್ತಿದ್ದಳು, ಬುತ್ತಿಗೆ ಏನೇನು ಬೇಕೆಂದು ಹೇಳುತ್ತಿದ್ದಳು. ಒಂದು ದಿನ ನಗು ನಿಲ್ಲಿಸಿ ಕೇಳಿದಳು.

"ಎಲ್ ರೊಸಾರಿಯೊ ದಾಟಿದ ಮ್ಯಾಲೆ, ಆ ನೆಟ್ಟನ ದಾರಿ ಐತೆಲ್ಲರಿ, ಅಲ್ಲಿ ನಾ ಹೊಡೀಲೇನು?"

ಕರಿ ಬೂಟು ಒಮ್ಮೆ ಅತ್ತಿತ್ತ ಆಡಿತು. "ಅಲ್ಲಿ ಬ್ಯಾಡ ಮಾರಾಯ್ತಿ. ಏನರ ಆದ್ರ ಒಂದು ನರಪಿಳ್ಳಿ ಇರಂಗಿಲ್ಲ."

"ಊರಾಗ ಗದ್ದಲ ಅಂತೀರಿ, ಅಡವ್ಯಾಗ ಯಾರೂ ಇಲ್ಲ ಅಂತೀರಿ. ಮತ್ತ ನಾ ಎಲ್ಲಿ ಹೊಡೀಬೇಕ್ರಿ?"

"ಕನಸಿನ್ಯಾಗ," ಎಂದಳು ನೀಲವ್ವ. "ಅಲ್ಲಾದ್ರ ಇವನ ಕಾಲು ಧಡ್ ಧಡ್ ಅನ್ನಂಗಿಲ್ಲ."

ಮೂವರೂ ನಕ್ಕರು. ಕಾಲುಂಗುರದ ಬೆರಳುಗಳು ಮಾತ್ರ ಚಪ್ಪಲಿಯೊಳಗೆ ಮುದುಡಿಕೊಂಡದ್ದನ್ನು ನಾನು ಕಂಡೆ. ಅವಕ್ಕೂ ನನಗೂ ಬೇಕಾದದ್ದು ಒಂದೇ ಆಗಿತ್ತು, ಒಂದಿಷ್ಟು ರಸ್ತೆ.

ಇನ್ನು ಮೊನ್ನೆಯ ಕಥೆ. ಇವರಲ್ಲಿ ಒಂದು ಪದ್ಧತಿ ಇದೆ. ದೂರ ಹೊರಡುವ ಮುಂಚೆ ಗಾಡಿ ತೊಳೆದು, ಗಾಲಿಗಳಿಗೆ ವಿಭೂತಿ ಕುಂಕುಮ ಹಚ್ಚುತ್ತಾರೆ. ಹೊರಡುವ ಗಳಿಗೆಗೆ ಒಂದೊಂದು ಗಾಲಿಯ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟು, ಅದನ್ನು ಜಜ್ಜಿಕೊಂಡೇ ಮುಂದೆ ಹೋಗುತ್ತಾರೆ. ದಾರಿಯ ಕೇಡು ಅದರೊಂದಿಗೇ ಹೋಗಲಿ ಎಂದು. ಮಹಾಂತೇಶ ಸಂತೆಯಿಂದ ನಾಲ್ಕು ಹಣ್ಣು ತಂದ.

"ಐದನೇದು?" ನೀಲವ್ವ ಕೇಳಿದಳು.

"ಗಾಲಿ ಇರೂವು ನಾಕು ಯವ್ವಾ."

"ಹೊಟ್ಟಿ ಕೆಳಗ ಒಂದನ್ನ ತೂಗುಹಾಕೀರೆಲ್ಲ, ಅದೇನು ಹಲಸಿನಹಣ್ಣೇನು? ಕಷ್ಟಕಾಲಕ್ಕ ಆಗೂದು ಅದು, ಅದಕ್ಕs ಕುಂಕುಮ ಇಲ್ಲಂದ್ರ ಹೆಂಗ? ಇಳಸ್ರಿ."

ಇಷ್ಟು ವರ್ಷದಲ್ಲಿ ನನ್ನ ಪರವಾಗಿ ಮಾತಾಡಿದವಳು ಆ ಮುದುಕಿ ಒಬ್ಬಳೇ. ಮಹಾಂತೇಶ ಗೊಣಗುತ್ತ ಐದನೇ ನಿಂಬೆಹಣ್ಣಿಗೆ ಮತ್ತೆ ಅಂಗಡಿಗೆ ಹೋದ. ಕಸ್ತೂರಿ ಹಳೆಯ ಚಾಪೆ ಹಾಸಿ ವ್ಯಾನಿನ ಕೆಳಗೆ ನುಸುಳಿದಳು. ಮೊದಲ ಸಲ ನಾನು ಒಬ್ಬರ ಮುಖವನ್ನು ಎದುರೆದುರು ಕಂಡೆ. ಅಗಲ ಹಣೆ, ನರೆಗೂದಲಿನ ಒಂದೆಳೆ, ಬೆವರು. ಸುತ್ತಿಗೆಯಿಂದ ತುಕ್ಕು ಹಿಡಿದ ಕೊಕ್ಕೆಗೆ ಒಂದು ಕೊಟ್ಟಳು, ಎರಡು ಕೊಟ್ಟಳು. ಸರಪಳಿ ಕಳಚಿತು. ನಾನು ಧೊಪ್ಪೆಂದು ಬಿದ್ದೆ. ನನ್ನನ್ನು ಹೊರಗೆಳೆದು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಳ್ಳಲೆಂದು ಒಂದು ಕ್ಷಣ ಬಿಟ್ಟಳು.

ಓಣಿ ಇಳಿಜಾರು. ಗೇಟು ತೆರೆದಿತ್ತು. ನಾನು ಬೇಕೆಂದೇ ಮಾಡಿದೆನೆಂದು ಯಾರೂ ಹೇಳಲಾರರು.

ಉರುಳಿದೆ! ಆಕಾಶ ಕೆಳಗೆ ಬಂತು, ನೆಲ ಮೇಲೆ ಹೋಯಿತು, ಮತ್ತೆ ಆಕಾಶ. ಹುಟ್ಟಿದಂದಿನಿಂದ ಹೊಸದಾಗಿಯೇ ಉಳಿದಿದ್ದ ಹಲ್ಲುಗಳು ಮೊದಲ ಸಲ ಕಲ್ಲು ಕಚ್ಚಿದವು. ನಾಯಿಗಳು ಬೊಗಳುತ್ತ ಜೊತೆಗೆ ಓಡಿದವು. ಕೋಳಿಯೊಂದು ಹಾರಿ ಗೋಡೆ ಹತ್ತಿತು. ತಿರುವಿನಲ್ಲಿ ದೂರದ ಸಮುದ್ರ ಒಮ್ಮೆ ಹೊಳೆದು ಮಾಯವಾಯಿತು. ಹಿಂದಿನಿಂದ ಕಸ್ತೂರಿ, ಚೂಡಿದಾರಿನ ಓಢಣಿಯನ್ನು ಸೊಂಟಕ್ಕೆ ಬಿಗಿದು, "ನಿಲ್ಲೋ, ನಿಲ್ಲೋ ಭಾಡ್ಯಾ!" ಎಂದು ಕೂಗುತ್ತ ಓಡಿ ಬರುತ್ತಿದ್ದಳು. ಕೂಗು ಅರ್ಧ ದಾರಿಯಲ್ಲಿ ನಗುವಾಯಿತು. ಓಣಿಯ ತುದಿಯ ಟೈರ್ ಅಂಗಡಿಯ ದೋನ್ಯಾ ಚೇಲಾ ಎದ್ದು ಬಂದು, ದಪ್ಪ ಬೂಟುಗಾಲನ್ನು ಚಾಚಿ ನನ್ನನ್ನು ಹಿಡಿದು ನಿಲ್ಲಿಸಿದಳು. ಕಸ್ತೂರಿ ಬಂದು ನನ್ನ ಮೇಲೆಯೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟು ನಗು ಆ ಮನೆಯಲ್ಲಿ ನಾನು ಕೇಳಿರಲಿಲ್ಲ.

ಮಹಾಂತೇಶ ನಿಂಬೆಹಣ್ಣು ಹಿಡಿದು ಏದುಸಿರು ಬಿಡುತ್ತ ಬಂದ. ಅಭ್ಯಾಸಬಲ, ಬಂದವನೇ ಬಗ್ಗಿ ನನ್ನ ಪಕ್ಕೆಯ ಮೇಲೆ ಅಚ್ಚಾಗಿದ್ದ ಹುಟ್ಟಿದ ವರ್ಷ ಓದಿದ, ಬೆರಳಿನಿಂದ ಮೈ ಒತ್ತಿ ನೋಡಿದ.

"ಇದು ನಡ್ಯಂಗಿಲ್ಲ ಬಿಡು. ಮರಳುಗಾಡಿಗೆ ಹೊಸಾದೊಂದು ತಗೊಳ್ಳೋಣು."

"ಯಾಕ್ರಿ? ಹಲ್ಲು ನೋಡ್ರಿ, ಒಂದೂ ಸವದಿಲ್ಲ. ಒಮ್ಮೀನೂ ಓಡಿಲ್ಲ ಇದು."

"ಓಡಿಲ್ಲ ಖರೆ. ಪಕ್ಕಿ ನೋಡಿಲ್ಲೆ, ಸಣ್ಣ ಸಣ್ಣ ಸೀಳು ಬಿಟ್ಟಾವ. ಕುಂತಲ್ಲೇ ಮುದುಕ ಆಗೇತಿ."

"ಓಡದಿದ್ರೂ ವಯಸ್ಸಾಗತೈತೇನ್ರಿ?"

"ಮತ್ತ? ಓಡಲಿ ಬಿಡಲಿ, ರಬ್ಬರಿಗೆ ವಯಸ್ಸು ಬಿಟ್ಟೀತೇನು?" ಎಂದವನೇ ದೋನ್ಯಾ ಚೇಲಾಳ ಬಳಿ ಹೊಸ ಗಾಲಿಯ ಬೆಲೆ ಕೇಳಲು ಹೋದ.

ಕಸ್ತೂರಿ ಅಂಗೈಯಿಂದ ನನ್ನ ಪಕ್ಕೆಯ ಧೂಳು ಒರೆಸಿದಳು, ಸೀಳುಗಳ ಮೇಲೆ ಬೆರಳು ನಿಂತು ನಿಂತು ಹೋಯಿತು. ಹಳೆಯದನ್ನು ಅಲ್ಲೇ ಬಿಡಿ ಎಂದು ದೋನ್ಯಾ ಚೇಲಾ ಹೇಳಿದರೂ ಒಪ್ಪದೆ, ಏರುದಾರಿಯಲ್ಲಿ ತಾನೇ ನನ್ನನ್ನು ಉರುಳಿಸಿಕೊಂಡು ಮನೆಗೆ ತಂದಳು. ಗಂಡ ಹೊಸ ಗಾಲಿಯನ್ನು ಉರುಳಿಸುತ್ತ ಹಿಂದೆ ಬಂದ. ನೀಲವ್ವ ನನ್ನನ್ನು ಗೋಡೆಯ ಪಕ್ಕ ಮಲಗಿಸಲು ಹೇಳಿ, ತಾನೇ ಬಗ್ಗಿ ವಿಭೂತಿ ಹಚ್ಚಿದಳು, ಸೊಸೆಯಿಂದ ಕುಂಕುಮ ಹಚ್ಚಿಸಿದಳು. ಐದನೇ ನಿಂಬೆಹಣ್ಣನ್ನು ನನ್ನ ಅಂಚಿನ ಮೇಲಿಟ್ಟಳು. "ಹೊಸಾದಕ್ಕ ಮತ್ತೊಂದು ತರಸ್ತೀನಿ. ಇದು ಇದರ ಪಾಲಿಂದು."

ಹೀಗೆ ನಾನು ಈ ಮೂಲೆಗೆ ಬಂದೆ. ಈಗ ನನ್ನ ಕಣ್ಣಿಗೆ ಕಾಲುಗಳಷ್ಟೇ ಅಲ್ಲ, ಮುಖಗಳೂ ಕಾಣುತ್ತವೆ, ಮೇಲೆ ಇಡೀ ಆಕಾಶವಿದೆ. ಪ್ರವಾಸದಿಂದ ಬಂದ ಮೇಲೆ ನನ್ನ ಹೊಟ್ಟೆಗೆ ಮಣ್ಣು ತುಂಬಿ ಕರಿಬೇವು ನೆಡುತ್ತಾಳಂತೆ ನೀಲವ್ವ. ಆಗಲಿ. ಜೀವಮಾನದಲ್ಲಿ ನಾನು ಓಡಿದ್ದು ಒಂದು ಓಣಿಯಷ್ಟು. ಕಾದ ವರ್ಷಗಳೆಲ್ಲ ಒಂದು ಮುದ್ದೆಯಾಗಿ ಕಲೆಸಿಹೋಗಿವೆ, ಆ ಓಣಿಯ ಒಂದೊಂದು ಕಲ್ಲೂ ಮಾತ್ರ ನನಗೆ ನೆನಪಿದೆ.

ರೊಟ್ಟಿ ಮಗುಚಿ ಮುಗಿಯಿತು. ಒಳಗೆ ನೀಲವ್ವನ ಗೊರಕೆ. ಮಹಾಂತೇಶ ಪೆಟ್ಟಿಗೆ ಕಟ್ಟುತ್ತ ಹಾಡು ಗುನುಗುತ್ತಿದ್ದಾನೆ. ಕಸ್ತೂರಿ ಹಿಟ್ಟಿನ ಕೈ ಕೊಡವಿಕೊಂಡು, ನನ್ನ ಅಂಚಿನಿಂದ ನಿಂಬೆಹಣ್ಣನ್ನು ಎತ್ತಿಕೊಂಡಳು. ಮೂಗಿಗೆ ಹಿಡಿದಳು. ಕೊಡುತ್ತೀಯಾ ಎಂಬಂತೆ ನನ್ನನ್ನೊಮ್ಮೆ ನೋಡಿ ವ್ಯಾನಿನ ಕಡೆಗೆ ನಡೆದಳು. ಬಾಗಿಲು ತೆರೆಯಿತು. ಹಣ್ಣು ಸ್ಟೇರಿಂಗಿನ ಮುಂದೆ ಕೂತಿತು.

ಕರಕರ. ಸೀಟು ಮುಂದಕ್ಕೆ ಬಂತು.

ದಿನದ ಅಭ್ಯಾಸದಂತೆ ನಾನು ಸೀಟು ಹಿಂದಕ್ಕೆ ಹೋಗುವ ಸದ್ದಿಗಾಗಿ ಕಾದೆ. ಅದು ಬರಲಿಲ್ಲ. ಬಾಗಿಲು ಮುಚ್ಚಿತು. ಹೊರಗಿನಿಂದ ಬಾಗಿಲಿನ ಕೀಲಿ ತಿರುಗಿತು. ಕಸ್ತೂರಿ ಕೀಲಿಯನ್ನು ಓಢಣಿಯ ತುದಿಗೆ ಗಂಟು ಹಾಕಿಕೊಂಡು ಬಂದಳು.

"ಕಸ್ತೂರೀ," ಒಳಗಿಂದ ಮಹಾಂತೇಶ ಕೂಗಿದ, "ಗಾಡ್ಯಾಗ ಎಲ್ಲಾ ಸರಿ ಇಟ್ಟಿಯೇನು?"

"ಎಲ್ಲಾ ಸರಿ ಇಟ್ಟೀನ್ರಿ," ಎಂದು, ನನ್ನ ಮೇಲಿದ್ದ ರೊಟ್ಟಿಯ ಬುಟ್ಟಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.